ಬರೆದವರಿಗೆ ನಾವು ಕೊಡಬೇಕಾದದ್ದೇನು?



ನಮ್ಮ ವಿಭಾಗದ ವಾರ್ತಾಪತ್ರಕ್ಕೆ ಈ ವರ್ಷ ಒಂದು ಸಂತೋಷದ ತೊಡಕು ಎದುರಾಗಿದೆ. ಇದೇ ವಿಭಾಗದಲ್ಲಿ ಓದಿ ಹೋದ ಹಳೆಯ ವಿದ್ಯಾರ್ಥಿಯೊಬ್ಬರು ಪ್ರತಿ ವರ್ಷ 5000 ರೂಪಾಯಿಗಳನ್ನು ಕೊಡಲು ಮುಂದೆ ಬಂದಿದ್ದಾರೆ. ಅವರ ಅಪೇಕ್ಷೆ ಇಷ್ಟೇ: ಈ ಪತ್ರಕ್ಕೆ ಬರೆದು ಕಳಿಸುವ ವಿದ್ಯಾರ್ಥಿಗಳಿಗೆ ಆ ಹಣದಿಂದ ಉತ್ತೇಜನ ದೊರೆಯಬೇಕು. ಅದು ಹೇಗೆ ಎಂಬುದನ್ನು ಅವರು ನಮಗೇ ಬಿಟ್ಟಿದ್ದಾರೆ.

ವಿಭಾಗದ ಸಭೆಯಲ್ಲಿ ಈ ವಿಷಯ ಬಂದಾಗ ಹೆಚ್ಚಿನವರ ಅಭಿಪ್ರಾಯ ಒಂದೇ ಆಗಿತ್ತು. ವರ್ಷದ ಅತ್ಯುತ್ತಮ ಬರಹವೊಂದನ್ನು ಆರಿಸಿ, ಇಡಿಯ ಮೊತ್ತವನ್ನು ಒಂದೇ ಬಹುಮಾನವಾಗಿ ಸ್ನೇಹಸಮ್ಮೇಳನದ ವೇದಿಕೆಯ ಮೇಲೆ ಅತಿಥಿಗಳ ಹಸ್ತದಿಂದ ಕೊಡಿಸುವುದು. ಇನ್ನೊಬ್ಬರು, ಬರೆದವರಿಗೆ ಆಂತರಿಕ ಅಂಕಗಳಲ್ಲಿ ಒಂದಿಷ್ಟು ಕೊಟ್ಟರೆ ಬರಹಗಳು ರಾಶಿ ಬೀಳುತ್ತವೆ ಎಂದರು. ನಾನು ಎರಡನ್ನೂ ಒಪ್ಪಲಿಲ್ಲ. ಒಪ್ಪದಿರುವುದಕ್ಕೆ ಕಾರಣಗಳನ್ನು ಸಭೆಯ ಹತ್ತು ನಿಮಿಷಗಳಲ್ಲಿ ಹೇಳಲಾಗಲಿಲ್ಲ. ಈ ಪತ್ರ ನಿಮ್ಮದಾದ್ದರಿಂದ ನಿಮ್ಮೆದುರಿಗೇ ಹೇಳುವುದು ಸರಿಯೆಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಓದುಗನು ಪತ್ರಿಕೆಗೆ ಬರೆದಾಗ ಪತ್ರಿಕೆಯು ಅವನಿಗೆ ಕೊಡಬೇಕಾದ ಮೊದಲ ಪ್ರತಿಫಲ ಉತ್ತರ. ಎರಡನೆಯದು ಹೆಸರು ಮತ್ತು ಪ್ರತಿ. ಮೂರನೆಯದು ಹಣ. ಆ ಹಣವು ಒಬ್ಬನಿಗೆ ದೊಡ್ಡ ಬಹುಮಾನವಾಗಿ ಹೋಗುವುದಕ್ಕಿಂತ, ಅಚ್ಚಾದ ಪ್ರತಿಯೊಬ್ಬರಿಗೂ ಸಣ್ಣ ಸಂಭಾವನೆಯಾಗಿ ಹೋಗುವುದು ಉತ್ತಮ.

ನಾನು ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ, ಎಂಟರಿಂದ ಮರಾಠಿ ಪ್ರೌಢಶಾಲೆಯಲ್ಲಿ ಕಲಿತವನು. ನಿಮ್ಮಲ್ಲಿ ಅನೇಕರ ದಾರಿಯೂ ಇದೇ. ನಮ್ಮ ಊರಿಗೆ ಆಗ ಎರಡು ಮಾಸಪತ್ರಿಕೆಗಳು ಬರುತ್ತಿದ್ದವು. ಒಂದು ಕನ್ನಡದ ‘ಚಂದಮಾಮ’, ಇನ್ನೊಂದು ಮರಾಠಿಯ ‘ಚಾಂದೋಬಾ’. ಎರಡೂ ಮದ್ರಾಸಿನ ಒಂದೇ ಮನೆಯ ಮಕ್ಕಳು. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ಆ ಪತ್ರಿಕೆ 1949ರಲ್ಲಿ ಕನ್ನಡಕ್ಕೆ, 1952ರಲ್ಲಿ ಮರಾಠಿಗೆ ಬಂದಿತು. ಬೇತಾಳನನ್ನು ಹೆಗಲ ಮೇಲೆ ಹೊತ್ತು ನಡೆಯುವ ವಿಕ್ರಮ, ಕಾಡು ಗುಹೆ ಕೋಟೆಗಳ ನಡುವೆ ಸಾಗುವ ಸಾಹಸದ ಧಾರಾವಾಹಿ, ಎರಡು ಭಾಷೆಗಳಲ್ಲೂ ಅವೇ ಚಿತ್ರಗಳು. ಕನ್ನಡದಲ್ಲಿ ಓದಿದ ಕಥೆಯನ್ನು ಮರಾಠಿಯಲ್ಲಿ ಮತ್ತೆ ಓದಿ, ಬೇತಾಳನು ಯಾವ ಭಾಷೆಯಲ್ಲಿ ಹೆಚ್ಚು ಚೆನ್ನಾಗಿ ಮಾತನಾಡುತ್ತಾನೆ ಎಂದು ನಾವು ಜಗಳವಾಡುತ್ತಿದ್ದೆವು.

ಆದರೆ ನಮಗೆ ಅತಿ ಪ್ರಿಯವಾಗಿದ್ದದ್ದು ಕೊನೆಯ ಪುಟಗಳಲ್ಲಿ ಬರುತ್ತಿದ್ದ ಒಂದು ಆಟ. ಎರಡು ಛಾಯಾಚಿತ್ರಗಳನ್ನು ಕೊಟ್ಟು, ಒಂದಕ್ಕೊಂದು ಹೊಂದುವಂತಹ ಎರಡು ಶೀರ್ಷಿಕೆಗಳನ್ನು ಅಂಚೆ ಕಾರ್ಡಿನ ಮೇಲೆ ಬರೆದು ಕಳಿಸಿರೆಂದು ಓದುಗರನ್ನು ಕೇಳುತ್ತಿದ್ದರು. ಗೆದ್ದ ಶೀರ್ಷಿಕೆಯನ್ನು ಕಳಿಸಿದವರ ಹೆಸರು, ಊರಿನೊಂದಿಗೆ ಮುಂದೊಂದು ಸಂಚಿಕೆಯಲ್ಲಿ ಅಚ್ಚು ಹಾಕಿ, ಬಹುಮಾನದ ಹಣವನ್ನೂ ಕೊಡುತ್ತಿದ್ದರು. ಆಗ ಅಂಚೆ ಕಾರ್ಡಿಗೆ 15 ಪೈಸೆ. ನಾನು ಎಷ್ಟೋ ಕಾರ್ಡುಗಳನ್ನು ಕಳಿಸಿದೆ. ಒಂದಕ್ಕೂ ಬಹುಮಾನ ಬರಲಿಲ್ಲ.

ಆದರೂ ವರ್ಷಗಟ್ಟಲೆ ಕಳಿಸುತ್ತ ಹೋದೆನಲ್ಲ, ಏಕೆ? ಅದಕ್ಕೆ ಕಾರಣ ಮದ್ರಾಸಿನಲ್ಲಿರಲಿಲ್ಲ, ನಮ್ಮ ಶಾಲೆಯಲ್ಲಿತ್ತು. ನಮ್ಮ ಕನ್ನಡ ಗುರುಗಳು ಶನಿವಾರದ ಬೆಳಗಿನ ಶಾಲೆಯಲ್ಲಿ, ಕಾರ್ಡುಗಳನ್ನು ಅಂಚೆ ಡಬ್ಬಿಗೆ ಹಾಕುವ ಮೊದಲು, ಒಂದೊಂದನ್ನೇ ಎತ್ತಿ ಓದಿಸುತ್ತಿದ್ದರು. “ಇವನು ಎರಡೂ ಸಾಲಿಗೆ ಪ್ರಾಸ ಹೊಂದಿಸಿದ್ದಾನೆ, ಆದರೆ ಚಿತ್ರವನ್ನೇ ನೋಡಿಲ್ಲ” ಎನ್ನುತ್ತಿದ್ದರು. “ಇವಳದು ಪ್ರಾಸವಿಲ್ಲ, ಆದರೆ ಈ ಮುದುಕನ ಮುಖದಲ್ಲಿರುವುದನ್ನೇ ಹೇಳಿದ್ದಾಳೆ” ಎನ್ನುತ್ತಿದ್ದರು. ತರಗತಿ ನಗುತ್ತಿತ್ತು, ವಾದಿಸುತ್ತಿತ್ತು. ಎರಡು ತಿಂಗಳ ಬಳಿಕ ಬರುವ ಫಲಿತಾಂಶ ಯಾರದೋ ಊರಿನದು. ಶನಿವಾರದ ತೀರ್ಪು ಮಾತ್ರ ನಮ್ಮದು. ಚಿತ್ರವನ್ನು ನೋಡಿಯೇ ಮಾತು ಬರೆಯಬೇಕೆಂಬ ಪಾಠವನ್ನು ನಾನು ಕಲಿತದ್ದು ಅಲ್ಲಿಯೇ. ಸಾವಿರಾರು ಕಾರ್ಡುಗಳನ್ನು ಪಡೆಯುವ ಪತ್ರಿಕೆ ಎಲ್ಲರಿಗೂ ಉತ್ತರಿಸಲಾರದು, ಅದು ಅದರ ತಪ್ಪಲ್ಲ. ಆದರೆ ಆ ಉತ್ತರವನ್ನು ನಮ್ಮ ಗುರುಗಳು ಕೊಡದಿದ್ದರೆ ನಾನು ಮೂರನೆಯ ಕಾರ್ಡಿಗೇ ನಿಲ್ಲಿಸಿಬಿಡುತ್ತಿದ್ದೆ.

ಇತ್ತೀಚೆಗೆ ಪುಣೆಯಲ್ಲಿ ಕೆಲಸದಲ್ಲಿರುವ ನನ್ನ ಶಿಷ್ಯನೊಬ್ಬ ದಸರೆಯ ರಜೆಗೆ ಬಂದಾಗ ತಾನು ಗೆಳೆಯರೊಂದಿಗೆ ಆಡುವ ಆಟವೊಂದರ ವಿಷಯ ಹೇಳಿದ. ಅದರ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅಮೆರಿಕದಲ್ಲಿ 1974ರಲ್ಲಿ ಹುಟ್ಟಿದ್ದು. ನಾಲ್ಕಾರು ಜನ ಮೇಜಿನ ಸುತ್ತ ಕುಳಿತು, ಒಬ್ಬನು ಕಥೆ ಕಟ್ಟುತ್ತ ಹೋದಂತೆ ಉಳಿದವರು ಒಂದೊಂದು ಪಾತ್ರವಾಗಿ “ನಾನು ಈ ಬಾಗಿಲು ತೆರೆಯುತ್ತೇನೆ”, “ನಾನು ಆ ರಾಕ್ಷಸನೊಂದಿಗೆ ಮಾತನಾಡುತ್ತೇನೆ” ಎನ್ನುತ್ತ ಸಾಹಸವನ್ನು ಬೆಳೆಸುತ್ತಾರೆ. ದಾಳ ಉರುಳಿಸಿ ಅವರ ಯತ್ನ ಫಲಿಸಿತೋ ಇಲ್ಲವೋ ತಿಳಿಯುತ್ತಾರೆ. ಈ ಹವ್ಯಾಸಕ್ಕೆಂದೇ ಪತ್ರಿಕೆಗಳು ಹೊರಟವು. 1976ರಲ್ಲಿ ‘ಡ್ರ್ಯಾಗನ್’, 1986ರಲ್ಲಿ ‘ಡಂಜನ್’. ಈ ಎರಡನೆಯದರ ಪುಟಗಳನ್ನು ಬಹುಮಟ್ಟಿಗೆ ತುಂಬುತ್ತಿದ್ದದ್ದು ಆಟಗಾರರೇ ಬರೆದು ಕಳಿಸುತ್ತಿದ್ದ ಸಾಹಸ ಕಥಾನಕಗಳು. ಪತ್ರಿಕೆ ಅವರಿಗೆ ಹಣವನ್ನೂ ಕೊಡುತ್ತಿತ್ತು.

ಹಣ ಮುಖ್ಯವಾಗಿತ್ತೆ ಎಂದು ನಾನು ಕೇಳಿದೆ. ಶಿಷ್ಯನು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ: “ಹಣ ಬೇಕೇ ಬೇಕು ಸರ್. ಆದರೆ ನಾನು ನನ್ನ ಗೆಳೆಯರಿಗಾಗಿ ಕಟ್ಟಿದ ಕಥೆಯನ್ನು ಕಾಣದ ಊರಿನ ಯಾರೋ ಆಡುತ್ತಾರೆ ಅನ್ನುವುದಿದೆಯಲ್ಲ, ಅದಕ್ಕಾಗಿ ಜನ ಬರೆಯುತ್ತಾರೆ.” ಅಂದರೆ ಬರೆದದ್ದು ಬಳಕೆಗೆ ಬರುವುದೇ ಬರೆದವನಿಗೆ ದೊರೆಯುವ ಉತ್ತರ.

ಈ ಮಾತು ನಮ್ಮ ಸೀಮೆಗೆ ಹೊಸದೇನಲ್ಲ. ನಮ್ಮ ಜತ್ತ ತಾಲೂಕಿನ ಪೂರ್ವಭಾಗದ ಹಳ್ಳಿಗಳಲ್ಲಿ, ವಿಜಯಪುರದ ಕಡೆಯ ಜಾತ್ರೆಗಳಲ್ಲಿ ಹರದೇಶಿ–ನಾಗೇಶಿ ಮೇಳಗಳ ಗೀಗೀ ಪದಗಳನ್ನು ನೀವು ಕೇಳಿದ್ದೀರಿ. ಮರಾಠಿಯ ನೆರೆಯವರಲ್ಲಿ ಅದಕ್ಕೆ ಕಲ್ಗಿ–ತುರಾ ಎನ್ನುತ್ತಾರೆ. ಒಂದು ಮೇಳ ಗಂಡು ಹೆಚ್ಚೆಂದು, ಇನ್ನೊಂದು ಹೆಣ್ಣು ಹೆಚ್ಚೆಂದು ಪಕ್ಷ ಕಟ್ಟಿ, ಪದದಲ್ಲಿ ಸವಾಲು ಹಾಕುತ್ತದೆ. ಎದುರಿನ ಮೇಳ ಪದದಲ್ಲಿಯೇ ಜವಾಬು ಕೊಡಬೇಕು. ಬೆಳಗಿನವರೆಗೆ ಹಾಡಿದ ಮೇಳಕ್ಕೆ ಊರಿನವರು ಕಾಯಿ, ಹಣ, ರುಮಾಲು ಕೊಡುತ್ತಾರೆ. ಅದು ಸಲ್ಲಬೇಕಾದದ್ದು. ಆದರೆ ಸವಾಲು ಹಾಕಿದ ಹಾಡುಗಾರನು ಕಾಯುವುದು ರುಮಾಲಿಗಲ್ಲ, ಜವಾಬಿಗೆ. ಜವಾಬು ಬರದ ಸವಾಲು ಅವಮಾನಕ್ಕಿಂತಲೂ ಕಷ್ಟ. ಎದುರಿಗೆ ಮೇಳವೇ ಇಲ್ಲದಿದ್ದರೆ ಹಾಡು ಎಷ್ಟು ಹೊತ್ತು ನಡೆದೀತು?

ಇಷ್ಟು ಹೇಳಿ, ಇನ್ನು ನನ್ನದೇ ತಪ್ಪೊಂದನ್ನು ನಿಮ್ಮ ಮುಂದಿಡಬೇಕು. ಅದನ್ನು ಮುಚ್ಚಿಟ್ಟು ಈ ಲೇಖನವನ್ನು ಬರೆಯುವ ಅಧಿಕಾರ ನನಗಿಲ್ಲ.

ಕಳೆದ ವರ್ಷ ದ್ವಿತೀಯ ವರ್ಷದ ವಿದ್ಯಾರ್ಥಿನಿಯೊಬ್ಬಳು ನೋಟುಬುಕ್ಕಿನಿಂದ ಹರಿದ ಎರಡು ಹಾಳೆಗಳನ್ನು ನನಗೆ ಕೊಟ್ಟಳು. ತನ್ನ ಅಜ್ಜಿ ಹೇಳುವ ಮಳೆಗಳ ಹೆಸರುಗಳನ್ನು ಬರೆದಿದ್ದಳು. ರೋಹಿಣಿ, ಮಿರಗ, ಆರಿದ್ರಾ ಮೊದಲಾಗಿ ಹುಬ್ಬಿ, ಉತ್ತರಿ, ಚಿತ್ತಿಯವರೆಗೆ. ಯಾವ ಮಳೆಗೆ ಯಾವ ಬಿತ್ತನೆ, ಯಾವುದು ಕೈಕೊಟ್ಟರೆ ಮನೆಯಲ್ಲಿ ಏನಾಗುತ್ತಿತ್ತು ಎಂದು. ಪುನರ್ವಸುವಿನ ಮಳೆಯನ್ನು ಪಕ್ಕದ ಓಣಿಯ ಮರಾಠಿ ರೈತರು ‘ತರಣಾ’, ಪುಷ್ಯದ ಮಳೆಯನ್ನು ‘ಮ್ಹಾತಾರಾ’, ಅಂದರೆ ಹರೆಯದ ಮಳೆ, ಮುದಿ ಮಳೆ ಎನ್ನುವುದನ್ನೂ, ಅಜ್ಜಿ ಆ ಹೆಸರುಗಳನ್ನು ಕೇಳಿ ನಗುವುದನ್ನೂ ಬರೆದಿದ್ದಳು. ವಾಕ್ಯಗಳಲ್ಲಿ ದೋಷಗಳಿದ್ದವು. ಆದರೆ ಮಳೆಯನ್ನು ಕಾಯುವುದೇ ಬದುಕಾಗಿರುವ ಈ ತಾಲೂಕಿನ ಎರಡು ಭಾಷೆಗಳು ಒಂದೇ ಆಕಾಶವನ್ನು ಹೇಗೆ ನೋಡುತ್ತವೆ ಎಂಬುದು ಆ ಎರಡು ಹಾಳೆಗಳಲ್ಲಿತ್ತು.

ಆ ಸಂಚಿಕೆಯಲ್ಲಿ ಸ್ಥಳವಿರಲಿಲ್ಲ. ಮುಂದಿನದಕ್ಕೆ ಹಾಕೋಣವೆಂದು ಹಾಳೆಗಳನ್ನು ಒಂದು ಪುಸ್ತಕದಲ್ಲಿಟ್ಟೆ. ಪರೀಕ್ಷೆ, ಮೌಲ್ಯಮಾಪನ, ರಜೆ. ಒಂದು ದಿನ ಪಡಸಾಲೆಯಲ್ಲಿ ಅವಳು ಎದುರಾಗಿ, “ಸರ್, ನಾ ಕೊಟ್ಟದ್ದು ಓದಿದ್ರೇನ್ರಿ?” ಎಂದು ಕೇಳಿದಳು. “ಓದೇನವ್ವಾ, ಛಲೋ ಅದ” ಎಂದೆ. ಓದಿದ್ದೆ, ನಿಜ. ಆದರೆ ಆ ಎರಡು ಮಾತು ಉತ್ತರವಲ್ಲ, ತಪ್ಪಿಸಿಕೊಳ್ಳುವ ದಾರಿ ಎಂಬುದು ಅವಳಿಗೂ ತಿಳಿಯಿತು, ನನಗೂ ತಿಳಿಯಿತು. ಅವಳು ಮತ್ತೆ ಏನನ್ನೂ ಬರೆದು ಕೊಡಲಿಲ್ಲ. ಮೂರನೆಯ ವರ್ಷಕ್ಕೆ ವಿಶೇಷ ವಿಷಯ ಆರಿಸುವಾಗ ಕನ್ನಡವನ್ನೂ ಬಿಟ್ಟಳು. ಅದಕ್ಕೆ ಬೇರೆ ಕಾರಣಗಳಿರಬಹುದು. ಇಲ್ಲವೆಂದು ಹೇಳುವ ಧೈರ್ಯ ನನಗಿಲ್ಲ, ಇವೆಯೆಂದು ನಂಬಿ ನೆಮ್ಮದಿಯಾಗಿರುವ ಧೈರ್ಯವೂ ಇಲ್ಲ.

ಈಗ ಯೋಚಿಸಿ. ಆಗ ನಮ್ಮಲ್ಲಿ 5000 ರೂಪಾಯಿಗಳ ಬಹುಮಾನ ಇದ್ದಿದ್ದರೆ ಅವಳಿಗೆ ಏನು ಉಪಯೋಗವಾಗುತ್ತಿತ್ತು? ವಾಕ್ಯದೋಷಗಳ ಆ ಬರಹ ‘ಅತ್ಯುತ್ತಮ’ ಎನಿಸುತ್ತಿರಲಿಲ್ಲ. ಬಹುಮಾನವು ಯಾವುದೋ ಸುಂದರ ಕವಿತೆಗೆ ಹೋಗುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಒಂದು ಹಾಳೆಯ ಮೇಲೆ ನನ್ನ ಕೈಬರಹದ ಐದಾರು ಸಾಲುಗಳು: ಇಲ್ಲಿ ವಾಕ್ಯ ಮುರಿದಿದೆ, ಇಲ್ಲಿ ಅಜ್ಜಿಯ ಮಾತನ್ನು ಹಾಗೆಯೇ ಇಡು, ಮಘೆಯ ಮಳೆಯ ಬಗ್ಗೆ ಅಜ್ಜಿಯನ್ನು ಇನ್ನೂ ಕೇಳಿ ಬಾ. ಅದಕ್ಕೆ ಒಂದು ರೂಪಾಯಿಯೂ ಖರ್ಚಾಗುತ್ತಿರಲಿಲ್ಲ. ಅದಕ್ಕೇ ಇರಬೇಕು, ಅದು ಯಾವ ಆಯವ್ಯಯದಲ್ಲೂ ಸೇರುವುದಿಲ್ಲ.

ಕನ್ನಡದ ಪತ್ರಿಕೆಗಳ ಇತಿಹಾಸದಲ್ಲಿ ಉತ್ತರವನ್ನೇ ಪ್ರತಿಫಲವಾಗಿ ಕೊಟ್ಟ ಉದಾಹರಣೆಗಳಿವೆ. ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯಲ್ಲಿ 1991ರಿಂದ ನಡೆಸಿದ ‘ಇಗೋ ಕನ್ನಡ’ ಅಂಕಣವನ್ನು ನೀವು ನಿಘಂಟು ಶಾಸ್ತ್ರದ ಪಾಠದಲ್ಲಿ ಕೇಳಿರುವಿರಿ. ಓದುಗರು ಕಳಿಸುತ್ತಿದ್ದದ್ದು ಒಂದು ಪದ, ಒಂದು ಸಂದೇಹ. ಪದದ ಹುಟ್ಟೇನು, ಅರ್ಥವೇನು, ಈ ರೂಪ ಸರಿಯೆ? ಅಷ್ಟೇ ಆ ಓದುಗರ ‘ಕೊಡುಗೆ’. ಅದಕ್ಕೆ ಅವರು ಪಡೆಯುತ್ತಿದ್ದದ್ದು ಒಬ್ಬ ಮಹಾ ವಿದ್ವಾಂಸರ ನೇರ ಉತ್ತರ. ಆ ಅಂಕಣ ವರ್ಷಗಳ ಕಾಲ ಬೆಳೆದು ನಿಘಂಟಿನ ರೂಪದಲ್ಲಿ ಗ್ರಂಥವಾಯಿತು. ಪ್ರಶ್ನೆ ಕೇಳಿದ ಸಾಮಾನ್ಯ ಓದುಗರಿಲ್ಲದೆ ಆ ಗ್ರಂಥವಿಲ್ಲ.

ಇನ್ನೊಂದು ಉದಾಹರಣೆ ದಕ್ಷಿಣ ಕನ್ನಡದ ಪುತ್ತೂರಿನಿಂದ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಶ್ರೀಪಡ್ರೆಯವರು ನಮ್ಮಂತೆಯೇ ಗಡಿಯ ಕನ್ನಡಿಗರು, ಕಾಸರಗೋಡು ಜಿಲ್ಲೆಯವರು. ಕೃಷಿಯ ಬಗ್ಗೆ ಕೃಷಿಕರೇ ಬರೆಯಬೇಕು ಎಂಬುದು ಆ ಪತ್ರಿಕೆಯ ನಿಲುವು. ‘ಬರೆಯಿರಿ’ ಎಂದು ಕರೆ ಕೊಟ್ಟು ಸುಮ್ಮನೆ ಕೂಡದೆ, ‘ಕೃಷಿಕರ ಕೈಗೆ ಲೇಖನಿ’ ಎಂದು ಶಿಬಿರಗಳನ್ನು ನಡೆಸಿ, ಹಾರೆ ಹಿಡಿದ ಕೈಗೆ ಬರೆಯುವುದನ್ನು ಕಲಿಸಿದರು. ಓದುಗನಿಗೆ ಬಹುಮಾನ ಕೊಡುವುದಕ್ಕಿಂತ ದೊಡ್ಡ ಮರ್ಯಾದೆ ಅವನನ್ನು ಮುಂದಿನ ಸಲ ಇನ್ನೂ ಚೆನ್ನಾಗಿ ಬರೆಯುವಂತೆ ಮಾಡುವುದು.

ಹಾಗಾದರೆ ಹಣ ಬೇಡವೆ? ಇಲ್ಲಿ ನನ್ನ ಮಾತನ್ನು ಅಪಾರ್ಥ ಮಾಡಿಕೊಳ್ಳಬಾರದು. ‘ಸಾಹಿತ್ಯ ಸೇವೆಗೆ ಹಣವೇಕೆ’ ಎನ್ನುವ ಮಾತನ್ನು ನಾನು ಬಹುತೇಕ ಸಂಬಳ ಬರುವವರ ಬಾಯಲ್ಲಿಯೇ ಕೇಳಿದ್ದೇನೆ. ಹಲವು ವರ್ಷಗಳ ಹಿಂದೆ ಒಂದು ಪತ್ರಿಕೆ ನನ್ನ ಲೇಖನವನ್ನು ಅಚ್ಚು ಹಾಕಿತು. ಪ್ರಕಟವಾಯಿತೆಂದು ತಿಳಿಸಲಿಲ್ಲ, ಪ್ರತಿಯನ್ನು ಕಳಿಸಲಿಲ್ಲ, ಹೇಳಿದ್ದ ಸಂಭಾವನೆಯನ್ನೂ ಕೊಡಲಿಲ್ಲ. ವಿಜಯಪುರದ ಬಸ್ ನಿಲ್ದಾಣದ ಅಂಗಡಿಯಲ್ಲಿ ತೂಗುಬಿಟ್ಟಿದ್ದ ಪ್ರತಿಯನ್ನು ಅಕಸ್ಮಾತ್ತಾಗಿ ಬಿಡಿಸಿದಾಗ ನನ್ನದೇ ಬರಹ ಕಂಡಿತು. ದುಡ್ಡು ಕೊಟ್ಟು ಕೊಂಡೆ. ಸಂತೋಷಪಡಬೇಕೋ ಸಿಟ್ಟಾಗಬೇಕೋ ತಿಳಿಯದೆ ಜತ್ತದವರೆಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಅಂಥ ಪ್ರಯಾಣ ನಿಮ್ಮಲ್ಲಿ ಯಾರಿಗೂ ಬೇಡ.

ಕೊಡಬೇಕಾದದ್ದನ್ನು ಕೊಡದಿರುವುದಕ್ಕೆ ನಮ್ಮ ಸೀಮೆಯಲ್ಲಿ ಹಳೆಯ ಉದಾಹರಣೆಯೂ ಉಂಟು. ಉಮದಿಯ ಕಡೆಯಿಂದ ಗಡಿ ದಾಟಿ ಚಡಚಣದ ಸೀಮೆಗೆ ಹೋದರೆ ಹಲಸಂಗಿ. ಹಲಸಂಗಿಯ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ನಮ್ಮ ಭಾಷೆಯ ಮಹತ್ವದ ಪುಸ್ತಕಗಳಲ್ಲೊಂದು. ಸಂಗ್ರಾಹಕರ ಹೆಸರುಗಳನ್ನು ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ. ಬೀಸುವ ಕಲ್ಲಿನ ಮುಂದೆ ಕುಳಿತು ಆ ತ್ರಿಪದಿಗಳನ್ನು ಹಾಡಿದವರು ಮಾತ್ರ ‘ಗರತಿ’ ಎಂಬ ಒಂದೇ ಪದದಲ್ಲಿ ಸೇರಿಹೋಗಿದ್ದಾರೆ. ಹಲಸಂಗಿಯ ಗೆಳೆಯರ ಉಪಕಾರವನ್ನು ನಾನು ಕಡಿಮೆ ಮಾಡುತ್ತಿಲ್ಲ. ಅವರಿಲ್ಲದೆ ಆ ಹಾಡುಗಳೇ ಉಳಿಯುತ್ತಿರಲಿಲ್ಲ. ಆದರೆ ಇಂದು ನಾವು ಅಜ್ಜಿಯ ಮಳೆಗಳ ಹೆಸರನ್ನು ಅಚ್ಚಿಸುವಾಗ ಬರೆದ ಮೊಮ್ಮಗಳ ಹೆಸರಿನೊಂದಿಗೆ ಅಜ್ಜಿಯ ಹೆಸರನ್ನೂ ಊರಿನ ಹೆಸರನ್ನೂ ಹಾಕಬೇಕು.

ಆದ್ದರಿಂದ ಹಣವೂ ಬೇಕು. ಪ್ರಶ್ನೆ, ಬಹುಮಾನವೋ ಸಂಭಾವನೆಯೋ ಎಂಬುದು. ನಾವು ಎರಡು ಭಾಷೆಗಳ ನಡುವೆ ಬದುಕುವವರು, ಆದ್ದರಿಂದ ಈ ಪದಗಳನ್ನು ಒಮ್ಮೆ ಎರಡೂ ಕಡೆಯಿಂದ ನೋಡೋಣ. ಮರಾಠಿಯಲ್ಲಿ ‘ಬಹುಮಾನ’ ಎಂದರೆ ಇಂದಿಗೂ ದೊಡ್ಡ ಗೌರವ. ಗೆದ್ದವನಿಗೆ ಕೊಡುವುದು ‘ಬಕ್ಷೀಸ’ ಇಲ್ಲವೆ ‘ಪಾರಿತೋಷಿಕ’. ಬರೆದವನಿಗೆ ಸಲ್ಲುವುದು ‘ಮಾನಧನ’. ಕನ್ನಡದಲ್ಲಿ ‘ಬಹುಮಾನ’ವೆಂದರೆ ಗೆದ್ದವನ ಕೈಗೆ ಬರುವ ವಸ್ತು ಅಥವಾ ಹಣವೇ ಆಗಿಬಿಟ್ಟಿದೆ. ಗೌರವದ ಅರ್ಥವನ್ನು ಉಳಿಸಿಕೊಂಡಿರುವುದು ‘ಸಂಭಾವನೆ’. ಒಂದೇ ಸಂಸ್ಕೃತ ಮೂಲದ ಪದ ಗಡಿಯ ಈಚೆಗೆ ಎಲ್ಲರಿಗೂ ಸಲ್ಲಬಹುದಾದ ಮಾನ, ಆಚೆಗೆ ಒಬ್ಬನಿಗೇ ಸಲ್ಲುವ ಗೆಲುವು.

ಒಂದೇ ದೊಡ್ಡ ಬಹುಮಾನ ಮಾಡುವ ಕೆಲಸವನ್ನು ನಾನು ತೀರ್ಪುಗಾರನಾಗಿ ಹತ್ತಿರದಿಂದ ನೋಡಿದ್ದೇನೆ. ಒಂದು ಸಂಸ್ಥೆಯ ಪ್ರಬಂಧ ಸ್ಪರ್ಧೆಯಲ್ಲಿ ಒಳ್ಳೆಯ ಮೊತ್ತವಿತ್ತು. ಬಂದ ಪ್ರಬಂಧಗಳಲ್ಲಿ ಮೂರು ಅಕ್ಷರಶಃ ಒಂದೇ ಆಗಿದ್ದವು. ಮೂವರೂ ಒಂದೇ ಕಡೆಯಿಂದ ಇಳಿಸಿಕೊಂಡಿದ್ದರು. ಮೊತ್ತ ದೊಡ್ಡದಾದಂತೆ ತನ್ನ ಅನುಭವಕ್ಕಿಂತ ತೀರ್ಪುಗಾರನ ರುಚಿಯೇ ಬರೆಯುವವನ ಕಣ್ಣ ಮುಂದೆ ನಿಲ್ಲುತ್ತದೆ. ಅಂಕಗಳ ಮಾತೂ ಹಾಗೆಯೇ. ಅಂಕಕ್ಕಾಗಿ ಬರೆದವನು ಅಂಕ ನಿಂತ ದಿನ ಬರೆಯುವುದನ್ನು ನಿಲ್ಲಿಸುತ್ತಾನೆ. ಅದರ ಮೇಲೆ, ಅಂಕ ಕೊಡುವ ನಮ್ಮನ್ನು ಒಪ್ಪಿಸಲೆಂದು ಬರೆಯುತ್ತಾನೆ.

ಬಹುಮಾನಗಳಿಂದ ಒಳಿತಾಗಿಲ್ಲವೆಂದಲ್ಲ. ಪೇಶವೆಯರ ಕಾಲದ ದಕ್ಷಿಣೆಯ ನಿಧಿಯ ಒಂದು ಭಾಗವನ್ನು 1850ರ ಸುಮಾರಿಗೆ ಒಳ್ಳೆಯ ಮರಾಠಿ ಗ್ರಂಥಗಳಿಗೆ ಬಹುಮಾನವಾಗಿ ಕೊಡುವ ವ್ಯವಸ್ಥೆ ಪುಣೆಯಲ್ಲಿ ಬಂದಿತು. ಲೋಕಹಿತವಾದಿ ಗೋಪಾಳ ಹರಿ ದೇಶಮುಖರಂಥ ಸುಧಾರಕರು ಅದಕ್ಕಾಗಿ ಒತ್ತಾಯಿಸಿದ್ದರು. ಅದೇ ಮುಂಬಯಿ ಪ್ರಾಂತದಲ್ಲಿದ್ದ ಕನ್ನಡಕ್ಕೆ ಅಂಥ ಆಸರೆ ಇರಲಿಲ್ಲ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದಾಗ ಕನ್ನಡದಲ್ಲಿ ಗ್ರಂಥ ಬರೆಯುವವರಿಗೆ ಪ್ರೋತ್ಸಾಹ ಕೊಡುವುದೂ ಅದರ ಉದ್ದೇಶಗಳಲ್ಲಿ ಸೇರಿತ್ತು. ಆದರೆ ಗಮನಿಸಿ, ಸಂಘ ಅಲ್ಲಿಗೇ ನಿಲ್ಲಲಿಲ್ಲ. 1896ರಲ್ಲಿ ‘ವಾಗ್ಭೂಷಣ’ ಎಂಬ ಪತ್ರಿಕೆಯನ್ನೂ ಹೊರಡಿಸಿತು. ಬರೆಯುವವರಿಗೆ ಪುರಸ್ಕಾರದ ಜೊತೆಗೆ ನಿತ್ಯದ ವೇದಿಕೆಯೂ ಬೇಕೆಂದು ಅವರಿಗೆ ತಿಳಿದಿತ್ತು. ಇಂದಿಗೂ ‘ಪ್ರಜಾವಾಣಿ’ಯ ದೀಪಾವಳಿ ಕಥಾಸ್ಪರ್ಧೆಯಂಥವು ಹೊಸಬರನ್ನು ನಾಡಿಗೆ ಪರಿಚಯಿಸುತ್ತಿವೆ. ಅಲ್ಲಿ ವಿದ್ಯಾರ್ಥಿಗಳಿಗೂ ಅವಕಾಶವಿರುತ್ತದೆ, ನೀವು ಅದಕ್ಕೆ ಖಂಡಿತ ಕಳಿಸಿ. ನಾಡಿನ ಪತ್ರಿಕೆಗೆ ಸ್ಪರ್ಧೆ ಒಪ್ಪುತ್ತದೆ. ಎಂಟು ಪುಟಗಳ ವಿಭಾಗದ ಪತ್ರಕ್ಕೆ ಒಪ್ಪುವುದು ಬೇರೆ.

ಸಣ್ಣ ಜಾಗವೆಂದು ಕೀಳರಿಮೆಯೂ ಬೇಡ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ, ಎ. ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ ಹೊರಟ ‘ಪ್ರಬುದ್ಧ ಕರ್ನಾಟಕ’ವೂ ಒಂದು ಕಾಲೇಜಿನ ಪತ್ರಿಕೆಯೇ. ನಮ್ಮದೇ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿಯಿಂದ, ಒಂದು ಕಾರಖಾನೆಯ ವಸತಿಯಿಂದ, 1920ರಲ್ಲಿ ‘ಕಿರ್ಲೋಸ್ಕರ ಖಬರ’ ಎಂದು ಹೊರಟ ಸಣ್ಣ ಪತ್ರಿಕೆಯು ಶಂಕರರಾವ ಕಿರ್ಲೋಸ್ಕರರ ಕೈಯಲ್ಲಿ ಬೆಳೆದು ಮರಾಠಿ ಮನೆಮನೆಯ ಮಾಸಿಕವಾಯಿತು.

ಹಾಗಾದರೆ ನಮ್ಮ 5000 ರೂಪಾಯಿಗಳನ್ನು ಏನು ಮಾಡೋಣ? ನನ್ನ ಸೂಚನೆ ಹೀಗಿದೆ.

ಮೊದಲನೆಯದಾಗಿ, ಬಂದ ಪ್ರತಿಯೊಂದು ಬರಹಕ್ಕೂ, ಅಚ್ಚಾಗಲಿ ಆಗದಿರಲಿ, ಹದಿನೈದು ದಿನಗಳೊಳಗೆ ಲಿಖಿತ ಉತ್ತರ. ಕನಿಷ್ಠ ಐದು ವಾಕ್ಯಗಳು. ‘ಚೆನ್ನಾಗಿದೆ’ ಎಂಬುದನ್ನು ವಾಕ್ಯವೆಂದು ಎಣಿಸತಕ್ಕದ್ದಲ್ಲ. ಈ ಹೊಣೆಯನ್ನು ಮೊದಲು ನಾನು ಹೊರುತ್ತೇನೆ. ಅಂತಿಮ ವರ್ಷದ ವಿದ್ಯಾರ್ಥಿಗಳು ಇಬ್ಬರು ಜೊತೆಗಿದ್ದರೆ ಅವರಿಗೂ ಅದು ವಿಮರ್ಶೆಯ ಅಭ್ಯಾಸ.

ಎರಡನೆಯದಾಗಿ, ಅಚ್ಚಾದ ಪ್ರತಿಯೊಬ್ಬರಿಗೂ ಹೆಸರು ಮತ್ತು ಊರಿನ ಉಲ್ಲೇಖದೊಂದಿಗೆ ಎರಡು ಹೆಚ್ಚುವರಿ ಪ್ರತಿಗಳು. ಒಂದು ಮನೆಗೆ, ಇನ್ನೊಂದು ನೀವು ಕಲಿತ ಊರಿನ ಕನ್ನಡ ಶಾಲೆಗೆ. ಉಮದಿ, ಸಂಖ, ಮಾಡಗ್ಯಾಳ, ಗುಡ್ಡಾಪುರದ ಕಡೆಯ ಶಾಲೆಯೊಂದರಲ್ಲಿ ನಾಲ್ಕನೆಯ ಇಯತ್ತೆಯ ಮಗು ತನ್ನ ಓಣಿಯ ಅಕ್ಕನ ಹೆಸರನ್ನು ಅಚ್ಚಿನಲ್ಲಿ ಓದುವುದಾದರೆ, ಆ ಶಾಲೆಯಲ್ಲಿ ಕನ್ನಡ ಉಳಿಯಬೇಕೇಕೆ ಎಂದು ನಾವು ಬೇರೆ ಭಾಷಣ ಮಾಡಬೇಕಾಗಿಲ್ಲ.

ಮೂರನೆಯದಾಗಿ, ಅಚ್ಚಾದ ಪ್ರತಿ ಬರಹಕ್ಕೂ 100 ರೂಪಾಯಿ ಸಂಭಾವನೆ. ಕವಿತೆಯಾಗಲಿ, ಪದಬಂಧವಾಗಲಿ, ಅಜ್ಜಿಯ ಮಾತಾಗಲಿ, ಒಂದೇ ಮೊತ್ತ. ವರ್ಷಕ್ಕೆ ಎರಡು ಸಂಚಿಕೆ, ಸಂಚಿಕೆಗೆ 16 ಬರಹಗಳೆಂದರೆ 3200 ರೂಪಾಯಿ. ಉಳಿದ 1800 ರೂಪಾಯಿ ಹೆಚ್ಚುವರಿ ಪ್ರತಿಗಳಿಗೆ ಮತ್ತು ಅಂಚೆಗೆ. ಹಣವನ್ನು ವೇದಿಕೆಯ ಮೇಲೆ ಕೊಡುವುದು ಬೇಡ, ಪತ್ರ ಹೊರಬಂದ ವಾರದಲ್ಲಿಯೇ ಕೈಗೆ ಕೊಡೋಣ.

ನಾಲ್ಕನೆಯದಾಗಿ, ಕೊನೆಯ ಪುಟದಲ್ಲಿ ಒಂದು ಆಟ. ಒಂದು ಛಾಯಾಚಿತ್ರ, ಅದಕ್ಕೆ ಕನ್ನಡದಲ್ಲೊಂದು, ಮರಾಠಿಯಲ್ಲೊಂದು ಶೀರ್ಷಿಕೆ. ಗೆದ್ದವರಷ್ಟೇ ಅಲ್ಲ, ಬಂದವುಗಳಲ್ಲಿ ಹತ್ತನ್ನಾದರೂ ಮುಂದಿನ ಸಂಚಿಕೆಯಲ್ಲಿ ಹೆಸರುಗಳೊಂದಿಗೆ ಹಾಕಿ, ಯಾವುದು ಏಕೆ ಹೊಂದಿತೆಂದು ಎರಡು ಮಾತು ಬರೆಯೋಣ.

ಇದಕ್ಕೆ ಸಹೋದ್ಯೋಗಿಗಳು ಎತ್ತಿದ ಆಕ್ಷೇಪವೊಂದಿದೆ. ಎಲ್ಲರಿಗೂ ಒಂದೇ ಸಂಭಾವನೆಯಾದರೆ ಉತ್ತಮ ಬರಹಕ್ಕೂ ಸಾಧಾರಣ ಬರಹಕ್ಕೂ ವ್ಯತ್ಯಾಸವೇನು ಉಳಿಯಿತು ಎಂದು. ಇದು ತೂಕವುಳ್ಳ ಪ್ರಶ್ನೆ. ವ್ಯತ್ಯಾಸವನ್ನು ಅಳಿಸಬೇಕೆಂದು ನಾನು ಹೇಳುವುದಿಲ್ಲ. ಉತ್ತಮ ಬರಹವನ್ನು ಮೊದಲ ಪುಟದಲ್ಲಿ ಹಾಕೋಣ. ಸ್ನೇಹಸಮ್ಮೇಳನದಲ್ಲಿ ಬರೆದವರಿಂದಲೇ ಅದನ್ನು ಓದಿಸೋಣ, ಸಭೆ ಕೇಳಲಿ. ಅದು 5000 ರೂಪಾಯಿಗಳ ಲಕೋಟೆಗಿಂತ ಕಡಿಮೆಯ ಗೌರವವೆಂದು ನನಗೆ ಅನಿಸುವುದಿಲ್ಲ. ನಿಮಗೆ ಅನಿಸಿದರೆ ಬರೆದು ತಿಳಿಸಿ. ಈ ಸೂಚನೆಯನ್ನು ಒಪ್ಪದ ಬರಹವನ್ನೂ ಮುಂದಿನ ಸಂಚಿಕೆಯಲ್ಲಿ ಹಾಕಲಾಗುವುದು, ಅದಕ್ಕೂ ಉತ್ತರ ಬರೆಯಲಾಗುವುದು.

ಮಳೆಯ ಹೆಸರುಗಳ ಆ ಎರಡು ಹಾಳೆಗಳು ಇನ್ನೂ ನನ್ನ ಬಳಿ ಇವೆ. ಈ ವಾರ ಅವುಗಳನ್ನು ಮತ್ತೆ ಓದಿ ಒಂದೂವರೆ ಪುಟದ ಪತ್ರವೊಂದನ್ನು ಬರೆದಿದ್ದೇನೆ. ತಡವಾದುದಕ್ಕೆ ಕ್ಷಮೆ ಕೇಳಿದ್ದೇನೆ. ಎಲ್ಲಿ ವಾಕ್ಯ ಮುರಿದಿದೆ, ಎಲ್ಲಿ ಮುಟ್ಟಬಾರದು ಎಂದು ಗುರುತು ಹಾಕಿದ್ದೇನೆ. ಅನುಮತಿ ಕೊಟ್ಟರೆ, ಅಜ್ಜಿಯ ಹೆಸರಿನೊಂದಿಗೆ, ಮುಂದಿನ ಸಂಚಿಕೆಯ ಮೊದಲ ಪುಟಕ್ಕೆ ಅದೇ ಎಂದೂ ಬರೆದಿದ್ದೇನೆ. ಆ ವಿದ್ಯಾರ್ಥಿನಿ ಈಗ ನಮ್ಮ ವಿಭಾಗದಲ್ಲಿಲ್ಲ, ಆದರೆ ಇದೇ ಮಹಾವಿದ್ಯಾಲಯದಲ್ಲಿದ್ದಾಳೆ. ಪತ್ರವನ್ನು ನಾಳೆ ಕೊಡುತ್ತೇನೆ.

ಉಳಿದವರು ನಿಮ್ಮ ಬರಹಗಳನ್ನು ವಿಭಾಗದ ಬಾಗಿಲ ಬಳಿಯ ಪೆಟ್ಟಿಗೆಗೆ ಹಾಕಿರಿ. ಹಾಳೆಯ ಮೇಲೆ ಹೆಸರು, ತರಗತಿ, ಊರು ಸ್ಪಷ್ಟವಾಗಿರಲಿ, ಉತ್ತರ ಯಾರಿಗೆ ಬರೆಯಬೇಕೆಂದು ನನಗೆ ತಿಳಿಯಬೇಕು.